ಬೆಳಕಿಗೆ ಹೆದರುತ್ತಿದ್ದ ಕ್ಯಾಮರಾ

ಮದುವೆ ವಿಡಿಯೊ ತೆಗೆಯುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದಾಗ ನಗು ಬರುವುದಿಲ್ಲ, ಭುಜದ ನೋವು ಇಳಿದ ಮೇಲೆ ಬರುತ್ತದೆ. ನನ್ನ ಭುಜದ ನೋವು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಹೇಳಿಬಿಡುತ್ತೇನೆ.

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ತೊಂಬತ್ತರ ದಶಕ ಶುರುವಾದ ಕಾಲ. ಎಲ್ಲರಿಗೂ ಮದುವೆಗೆ ಫೋಟೊ ಸಾಲದು, ವಿಡಿಯೊನೂ ಆಗಬೇಕು ಅನ್ನುವ ಹುಚ್ಚು ಹತ್ತಿತ್ತು. ಹೊಸ ಕ್ಯಾಮರಾ ಕೊಳ್ಳುವ ತಾಕತ್ತು ನನಗಿರಲಿಲ್ಲ. ದಾವಣಗೆರೆಯ ಸ್ಟುಡಿಯೊದವರೊಬ್ಬರು ತಮ್ಮ ಹಳೆಯದನ್ನು ನನಗೆ ದಾಟಿಸಿದರು. ಅದು ಟ್ಯೂಬ್ ಕ್ಯಾಮರಾ. ಲೆನ್ಸಿನ ಹಿಂದೆ ಚಿತ್ರ ಹಿಡಿಯುವುದಕ್ಕೆ ಒಂದು ಗಾಜಿನ ನಳಿಕೆ ಇರುತ್ತಿತ್ತು. ಕ್ಯಾಮರಾ ಬಲಭುಜದ ಮೇಲೆ, ಕ್ಯಾಸೆಟ್ಟು ಓಡುವ ಪೆಟ್ಟಿಗೆ ಎಡ ಹೆಗಲಿಗೆ, ಎರಡರ ನಡುವೆ ಒಂದು ವೈರು, ಆ ವೈರಿನ ನಡುವೆ ನಾನು. ಎತ್ತಿಗೂ ನನಗೂ ಇದ್ದ ವ್ಯತ್ಯಾಸ ಅಂದರೆ ಎತ್ತನ್ನು ಮಧ್ಯಾಹ್ನ ನೆರಳಿಗೆ ಕಟ್ಟುತ್ತಾರೆ.

ಕ್ಯಾಮರಾ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಎಲ್ಲಾ ಚೆನ್ನಾಗೈತೆ. ಜೋರು ಬೆಳಕು ಮಾತ್ರ ತೋರಿಸಬೇಡ್ರಿ."

ನಾನು ಖುಷಿಯಿಂದ "ಆಗಲಿ ಬಿಡ್ರಿ" ಅಂದು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸು ಹರಪನಹಳ್ಳಿ ದಾಟಿದ ಮೇಲೆ ನನಗೆ ಹೊಳೆಯಿತು. ನಮ್ಮ ಕಡೆ ಬಿಸಿಲು ಬಿಟ್ಟರೆ ಬೇರೆ ಏನಿದೆ ತೋರಿಸುವುದಕ್ಕೆ?

ಮೂಗುಬೊಟ್ಟು

ಆ ಕ್ಯಾಮರಾದ ಮೊದಲ ಗುಣ ಬಾಲ. ಫಳಫಳ ಹೊಳೆಯುವ ಯಾವುದೇ ವಸ್ತು ಅಲುಗಾಡಿದರೆ ಅದರ ಹಿಂದೆ ಒಂದು ಬೆಳಕಿನ ಬಾಲ ಎಳೆದುಕೊಂಡು ಬರುತ್ತಿತ್ತು. ಆರತಿ ತಟ್ಟೆ ಸುತ್ತಿದರೆ ಟೀವಿಯ ತುಂಬ ಶಾವಿಗೆ ಹರವಿದ ಹಾಗೆ ಕಾಣುತ್ತಿತ್ತು.

ಇದು ನನಗೆ ಗೊತ್ತಾದದ್ದು ಹಡಗಲಿ ಕಡೆಯ ಒಂದು ಮದುವೆಯಲ್ಲಿ. ಫೋಕಸ್ ಲೈಟು ಹಿಡಿಯುವುದಕ್ಕೆ ನನ್ನ ಹೆಂಡತಿಯ ಅಣ್ಣ ಬರುತ್ತಿದ್ದ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಹೆಣ್ಣು ಕೊಟ್ಟ ಮನೆಯವನು, ಆದ್ದರಿಂದ ಬೈಯುವ ಹಾಗಿಲ್ಲ. ಲೈಟು ಎಲ್ಲಿ ಹಿಡಿಯಬೇಕು ಅನ್ನುವುದನ್ನೂ ಬೇಡಿಕೊಂಡೇ ಹೇಳಬೇಕು. "ಭಾವ, ಮದುಮಗಳ ಮಾರಿಗೆ ಇಷ್ಟು ಹತ್ರ ಬ್ಯಾಡ್ರಿ" ಅಂದೆ. ಅವನು "ಹುಡುಗಿ ಕೆಂಪಗ ಕಾಣಬೇಕೋ ಬ್ಯಾಡೋ?" ಅಂದು ಇನ್ನೊಂದು ಹೆಜ್ಜೆ ಮುಂದೆ ಹೋದ.

ಹುಡುಗಿ ಅಜ್ಜಿಯ ಕಾಲದ ಬಿಳಿ ಹರಳಿನ ಮೂಗುಬೊಟ್ಟು ಹಾಕಿದ್ದಳು. ಅಜ್ಜಿ ಅದನ್ನು ಹಿಂದಿನ ದಿನವೇ ಸೀಗೆಕಾಯಿಯಲ್ಲಿ ತಿಕ್ಕಿ ತೊಳೆದಿದ್ದರಂತೆ. ಲೈಟು ಬಿದ್ದು ಅದು ಇನ್ನೊಂದು ಲೈಟಿನ ಹಾಗೆ ಉರಿಯುತ್ತಿತ್ತು.

ಕ್ಯಾಸೆಟ್ಟು ಕೊಟ್ಟ ದಿನ ಗಂಡಿನ ಮನೆಯಲ್ಲಿ ನನ್ನನ್ನೂ ಭಾವನನ್ನೂ ಕೂರಿಸಿಕೊಂಡು ಹಾಕಿದರು. ಹಾಲ್ ತುಂಬ ಜನ. ಮದುಮಗಳು ಟೀವಿಯಲ್ಲಿ ಬಲಕ್ಕೆ ತಿರುಗಿದಳು, ಮೂಗಿನಿಂದ ಎಡಗೆನ್ನೆಗೆ ಒಂದು ಬಿಳಿ ಗೆರೆ. ಎಡಕ್ಕೆ ತಿರುಗಿದಳು, ಬಲಗೆನ್ನೆಗೆ ಇನ್ನೊಂದು. ಮಾಲೆ ಹಾಕುವ ಹೊತ್ತಿಗೆ ನಾಚಿಕೆಯಿಂದ ಅತ್ತ ಇತ್ತ ನೋಡುತ್ತಾ ನಿಂತಳು ನೋಡಿ, ಎರಡೂ ಕಡೆ ಕೂಡಿಕೊಂಡು ಹುರಿಗಟ್ಟಿದ ಮೀಸೆ!

ನಿಜವಾದ ಹುಡುಗಿ ಅಡುಗೆ ಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೊಸ ಸೊಸೆ, ಅಳುತ್ತಾಳೋ ನಗುತ್ತಾಳೋ ತಿಳಿಯದು. ಅತ್ತೆ ಗಂಡನ ಕಡೆ ನೋಡಿದರು. ಗಂಡ ನನ್ನ ಕಡೆ ನೋಡಿದರು. ನಾನು ಲೈಟು ಹಿಡಿದಿದ್ದ ಭಾವನ ಕಡೆ ನೋಡಿದರೆ ಅವನು ಅಲ್ಲಿಂದ ಎದ್ದು ಹೋಗಿ ಆಗಿತ್ತು.

ಕಡೆಗೆ ಮೂಲೆಯಲ್ಲಿ ಕೂತಿದ್ದ ಗಂಡಿನ ಅಜ್ಜ, ದಿನಾ ಕ್ಷೌರ ಮಾಡಿಕೊಳ್ಳುವ ತನ್ನ ಮೊಮ್ಮಗನನ್ನು ಒಮ್ಮೆ, ಟೀವಿಯನ್ನು ಒಮ್ಮೆ ನೋಡಿ ಹೇಳಿದರು: "ನಮ್ಮ ಹುಡುಗ ಅಂತೂ ಮೀಸಿ ಬಿಡಂಗಿಲ್ಲ. ಮನ್ಯಾಗ ಒಬ್ಬರಿಗರ ಇರಲಿ ಬಿಡ್ರಿ."

ಪೌಡರ್ ಶಾಸ್ತ್ರ

ಹೊಳಪು ಕಡಿಮೆ ಮಾಡಿದರೆ ಬಾಲವೂ ಕಡಿಮೆಯಾಗುತ್ತದೆ ಅಂತ ನನಗೆ ಗೊತ್ತಾಯಿತು. ಅದಕ್ಕೆ ಲೆನ್ಸಿನ ಬಾಯಿ ಸಣ್ಣದು ಮಾಡಬೇಕು, ಲೈಟು ದೂರ ಹಿಡಿಯಬೇಕು. ಭಾವ ದೂರ ಹಿಡಿಯುವುದಿಲ್ಲವಾದ್ದರಿಂದ ಮೂರನೇ ದಾರಿ ಪೌಡರ್. ಮುಖದ ಬೆವರು, ಎಣ್ಣೆ ಯಾವುದಿದ್ದರೂ ಅದರ ಮೇಲೆ ಸ್ವಲ್ಪ ಪೌಡರ್ ಮುಟ್ಟಿಸಿದರೆ ಹೊಳಪು ಸಾಯುತ್ತದೆ. ಅಂದಿನಿಂದ ನನ್ನ ಚೀಲದಲ್ಲಿ ಬ್ಯಾಟರಿ ಮರೆತರೂ ಪೌಡರ್ ಡಬ್ಬಿ ಮರೆಯುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆ. ಹೆಣ್ಣಿನ ತಂದೆಯ ತಲೆಯಲ್ಲಿ ಹೆಸರಿಗೂ ಕೂದಲಿಲ್ಲ. ಅಂದು ಬೇರೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಧಾರೆ ಎರೆಯುವಾಗ ಎಲ್ಲರಿಗಿಂತ ಮುಂದೆ ಬಗ್ಗಿ ಕೂರುವವರು ಅವರೇ. ಆ ತಲೆ ಒಂದು ಸಲ ಅಲುಗಾಡಿದರೂ ಹೆಣ್ಣು ಗಂಡು ಇಬ್ಬರೂ ಬಾಲದಡಿ ಮುಚ್ಚಿಹೋಗುತ್ತಾರೆ.

ನಾನು ಡಬ್ಬಿ ಹಿಡಿದು ಮೆಲ್ಲಗೆ ಹೋದೆ. "ಮಾವಾರ, ಸ್ವಲ್ಪ ತಲಿ ಬಗ್ಗಸ್ರಿ."

ಅವರು ಯಾಕೆ ಅಂತಲೂ ಕೇಳಲಿಲ್ಲ. ಬೆಳಗಿನಿಂದ ಯಾರು ಯಾರೋ ಬಂದು ಇಲ್ಲಿ ನಿಲ್ಲು, ಅಲ್ಲಿ ಕೂರು, ಇದು ಹಿಡಿ, ಅದು ಮುಟ್ಟು ಅಂದದ್ದನ್ನೆಲ್ಲ ಮಾಡಿ ಮಾಡಿ ಸೋತಿದ್ದರು. ಕೈಮುಗಿದು, ಕಣ್ಣು ಮುಚ್ಚಿ, ತಲೆ ಬಗ್ಗಿಸಿದರು. ನಾನು ನೆತ್ತಿಯ ಮೇಲೆ ಪೌಡರ್ ಹಾಕಿ ಅಂಗೈಯಿಂದ ತಟ್ಟಿದೆ. ತಟ್ಟಿ ಮುಗಿಸಿ ನೋಡಿದರೆ ಅವರ ಪಕ್ಕದಲ್ಲಿ ಅವರ ತಮ್ಮನೂ ತಲೆ ಬಗ್ಗಿಸಿ ನಿಂತಿದ್ದಾನೆ. ಆಮೇಲೆ ಸೋದರಮಾವ. ಇವರಿಬ್ಬರಿಗೂ ತಲೆ ತುಂಬ ಕೂದಲು. ಬೇಡ ಅಂದರೆ ಅವಮಾನ. ಹಾಕಿದೆ.

ಗಂಡಿನ ಕಡೆಯವರು ಇದನ್ನೆಲ್ಲ ನೋಡುತ್ತಿದ್ದರು. ಒಬ್ಬ ಹಿರಿಯರು ಎದ್ದು ಬಂದು, "ನಮಗ್ಯಾಕ ಹಾಕಲಿಲ್ಲ? ಬೀಗರು ಅಂದ್ರ ಅಷ್ಟು ಕಡಿಮಿ ಆದ್ವಾ?" ಅಂದರು.

ಹೆಣ್ಣಿನ ತಂದೆ ಗಾಬರಿಯಾಗಿ, "ಇದು ನಿಮ್ಮ ಕಡಿ ಪದ್ಧತಿ ಅಂತ ನಾವು ಸುಮ್ಮನ ಹಾಕಿಸಿಕೊಂಡ್ವಿ" ಅಂದರು.

"ನಮ್ಮ ಕಡಿ ಇಂಥಾದ್ದು ಎಲ್ಲೈತಿ? ನಿಮ್ಮದು ಅಂತ ನಾವು ತಿಳಕೊಂಡ್ವಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಳಿಕೆ, ಹೊಳಪು, ಬಾಲ ಅಂತ ಹೇಳುವುದಕ್ಕೆ ಹೊರಟೆ. ಯಾರಿಗೂ ತಿಳಿಯಲಿಲ್ಲ, ನನಗೂ ಹೇಳುವ ಶಕ್ತಿ ಇರಲಿಲ್ಲ. ಮುಹೂರ್ತ ಹತ್ತಿರ ಬರುತ್ತಿತ್ತು. ಜಗಳ ಆಗದೆ ಇರಲಿ ಅಂತ ಗಂಡಿನ ಕಡೆಯವರಿಗೂ ಹಾಕುತ್ತಾ ಹೋದೆ. ಮಂತ್ರ ನಿಲ್ಲಿಸಿ ಕೂತಿದ್ದ ಅಯ್ಯನವರು ಕಡೆಗೆ ಬೇಸತ್ತು ಕೇಳಿದರು: "ತಾಳಿ ಕಟ್ಟಸಲ್ಯಾ, ಇನ್ನೂ ಯಾರ್ಯಾರ ತಲಿ ಉಳದಾವ?"

ಯಾರೀ ಶೋಭಾ?

ಬಾಲವಾದರೂ ಬಂದು ಹೋಗುತ್ತಿತ್ತು. ಆ ಟ್ಯೂಬಿಗೆ ಇನ್ನೊಂದು ಗುಣ ಇತ್ತು. ಜೋರಾದ ಬೆಳಕನ್ನು ಕದಲದೆ ತುಂಬ ಹೊತ್ತು ನೋಡಿದರೆ ಅದರ ಗುರುತು ಹಾಗೇ ಒಳಗೆ ಸುಟ್ಟು ಕೂತುಬಿಡುತ್ತಿತ್ತು. ಮುಂದೆ ಏನೇ ತೆಗೆದರೂ ಅದರ ಮೇಲೆ ಆ ಗುರುತು ಮಸಕಾಗಿ ಕಾಣುತ್ತಿತ್ತು.

ಕೂಡ್ಲಿಗಿಯ ಒಂದು ಮದುವೆ ಮನೆಯ ಮುಂದೆ ಗಂಡು ಹೆಣ್ಣಿನ ಹೆಸರನ್ನು ಬಲ್ಬಿನಲ್ಲಿ ಬರೆಸಿದ್ದರು. ಗಂಡಿನ ಹೆಸರಿನ ಬಲ್ಬುಗಳು ಅರ್ಧ ಹತ್ತಿರಲಿಲ್ಲ. ಹೆಣ್ಣಿನ ಹೆಸರು ಮಾತ್ರ ಪೂರ್ತಿ ಉರಿಯುತ್ತಿತ್ತು, ಶೋಭಾ ಅಂತ. ಲೈಟಿನವನು ಏಣಿ ಹತ್ತಿ ರಿಪೇರಿಗೆ ಕೂತ. ಮನೆಯ ಯಜಮಾನರು, "ಎರಡೂ ಹತ್ತಿದ ಕೂಡ್ಲೆ ತಗೀರಿ, ಕ್ಯಾಮರಾ ಅಲ್ಲೇ ಹಿಡದಿರ್ರಿ" ಅಂದರು. ಸ್ಟ್ಯಾಂಡಿನ ಮೇಲೆ ಅದನ್ನು ಬೋರ್ಡಿಗೆ ಮುಖ ಮಾಡಿ ನಿಲ್ಲಿಸಿ ನಾನೂ ಕೂತೆ. ಭುಜಕ್ಕೆ ಸ್ವಲ್ಪ ವಿಶ್ರಾಂತಿ ಸಿಕ್ಕಿತಲ್ಲ ಅಂತ ಕಣ್ಣು ಮುಚ್ಚಿದೆ. ಗಂಡಿನ ಹೆಸರು ಕಡೆಗೂ ಹತ್ತಲಿಲ್ಲ. ಶೋಭಾ ಮಾತ್ರ ಟ್ಯೂಬಿನಲ್ಲಿ ಅಚ್ಚಾದಳು.

ಮುಂದಿನ ಕೆಲಸ ಹರಪನಹಳ್ಳಿಯಲ್ಲಿ ಒಂದು ನಿಶ್ಚಿತಾರ್ಥ. ಕ್ಯಾಸೆಟ್ಟು ಕಳಿಸಿಕೊಟ್ಟ ಮೇಲೆ ಹೆಣ್ಣಿನ ತಾಯಿ, ಹೆಣ್ಣಿನ ಸೋದರಮಾವ ಇಬ್ಬರೂ ಸ್ಟುಡಿಯೊಕ್ಕೆ ಬಂದರು. ಸೋದರಮಾವನ ಮುಖ ಕೆಂಪಗಾಗಿತ್ತು.

"ಶೋಭಾ ಯಾರು?" ಅಂದರು.

"ಯಾವ ಶೋಭಾ?"

"ಅದನ್ನೇ ಕೇಳಾಕೆ ಬಂದಿದ್ದು. ಹುಡುಗನ ಎದೆ ಮೇಲೆ ಐತಲ್ಲ, ಆ ಶೋಭಾ!"

ಬಿಳಿ ಅಂಗಿ ಹಾಕಿ ನಿಂತ ಹುಡುಗನ ಎದೆಯ ಮೇಲೆ ಸರಿಯಾಗಿ ಹಚ್ಚೆ ಹಾಕಿಸಿಕೊಂಡ ಹಾಗೆ ಆ ಹೆಸರು ಬಂದಿತ್ತು. ನನಗೆ ಯಾವ ಶೋಭಾನೂ ಗೊತ್ತಿಲ್ಲ ಅಂತ ಹುಡುಗ ಆಣೆ ಇಟ್ಟನಂತೆ. ಎಷ್ಟು ಆಣೆ ಇಟ್ಟನೋ ಅಷ್ಟು ಸಂಶಯ ಬಲಿಯಿತು. ಅವನ ತಾಯಿ ಊಟ ಬಿಟ್ಟು ಮಲಗಿದ್ದಾರೆ. ಹುಡುಗಿ ಉಂಗುರ ತೆಗೆದು ದೇವರ ಮುಂದೆ ಇಟ್ಟಿದ್ದಾಳೆ. ಒಂದು ಸಂಬಂಧ ಮುರಿದು ಬೀಳುವುದರಲ್ಲಿದೆ, ಅದೂ ಬಲ್ಬು ಹತ್ತದ ಕಾರಣಕ್ಕೆ.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಕ್ಯಾಮರಾ ಹೊತ್ತುಕೊಂಡು ಅವರ ಜೊತೆಗೇ ಹರಪನಹಳ್ಳಿಗೆ ಹೋದೆ. ಎರಡೂ ಕಡೆಯವರನ್ನು ಸೇರಿಸಿ, ವೈರನ್ನು ನೇರ ಅವರ ಟೀವಿಗೆ ಚುಚ್ಚಿ, ಕಂಡಕಂಡದ್ದನ್ನೆಲ್ಲ ತೋರಿಸುತ್ತಾ ಹೋದೆ. ಗೋಡೆಯ ಮೇಲೆ ಶೋಭಾ. ಹಿತ್ತಲಿನ ಎಮ್ಮೆಯ ಮೇಲೆ ಶೋಭಾ. ನೀರಿನ ಹಂಡೆಯ ಮೇಲೆ ಶೋಭಾ. ಹುಡುಗಿಯ ಮುಖ ಮೆಲ್ಲಗೆ ಸಡಿಲವಾಯಿತು. ಎಮ್ಮೆಗೂ ಶೋಭಾಗೂ ಸಂಬಂಧ ಇರಲಾರದು ಅನ್ನುವುದು ಅವಳಿಗೆ ಒಪ್ಪಿಗೆಯಾಯಿತು. ಒಳಗೆ ಹೋಗಿ ಉಂಗುರ ಹಾಕಿಕೊಂಡು ಬಂದಳು.

ನಾನು ಹಣೆ ಒರೆಸಿಕೊಂಡು ಕ್ಯಾಮರಾ ಇಳಿಸುವಾಗ, ಸ್ಟುಡಿಯೊಕ್ಕೆ ಬಂದು ಕೂಗಾಡಿದ್ದರಲ್ಲ, ಆ ಸೋದರಮಾವನ ಕಡೆ ಅದು ತಿರುಗಿತು. ಅವರ ಹೊಟ್ಟೆಯ ಮೇಲೆ ಎಲ್ಲರಿಗಿಂತ ಸ್ಪಷ್ಟವಾಗಿ ಶೋಭಾ. ಎಲ್ಲರೂ ನಕ್ಕರು. ಅವರ ಹೆಂಡತಿ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಆ ಹುಡುಗನ ಶೋಭಾ ಸುಳ್ಳು ಅಂತ ಗೊತ್ತಾತು. ಇವರದೂ ಸುಳ್ಳೇನಾ, ಸರಿಯಾಗಿ ನೋಡಿ ಹೇಳ್ರಿ" ಅಂದರು.

ಆರಾಮಿಲ್ಲದ ಕ್ಯಾಮರಾ

ಶೋಭಾಳನ್ನು ಕಳಿಸಬೇಕಿತ್ತು. ದಾವಣಗೆರೆಯ ಆ ಸ್ಟುಡಿಯೊದವರಿಗೆ ಫೋನ್ ಮಾಡಿದೆ. "ಬಿಳಿ ಗೋಡೆ ಮೇಲೆ ಒಂದೇ ಸಮ ಬಿಸಿಲು ಬಿದ್ದಿರಬೇಕು. ಕ್ಯಾಮರಾನ ಅದರ ಕಡೆ ತಿರುಗಿಸಿ ಗಂಟೆಗಟ್ಟಲೆ ಬಿಡ್ರಿ. ಗುರುತು ತೆಳ್ಳಗಾಗ್ತೈತೆ" ಅಂದರು.

ನನ್ನ ಮನೆಯ ಗೋಡೆಗೆ ನೀಲಿ ಸುಣ್ಣ. ಓಣಿಯ ಆಚೆ ಬದಿಯವರು ಮಾತ್ರ ಹೊಸದಾಗಿ ಸುಣ್ಣ ಹೊಡೆಸಿದ್ದರು, ಹಾಲಿನಂಥ ಬಿಳುಪು. ಕಿಟಕಿಯಲ್ಲಿ ಕ್ಯಾಮರಾ ನಿಲ್ಲಿಸಿದೆ. ನಾನು ಮರೆತದ್ದು ಏನೆಂದರೆ ಆ ಗೋಡೆಯ ಬಗ್ಗೆಯೇ ಅವರಿಗೂ ಪಕ್ಕದ ಮನೆಯಲ್ಲಿದ್ದ ಅವರ ತಮ್ಮನಿಗೂ ಜಗಳ ಇತ್ತು. ಗೋಡೆ ತನ್ನ ಜಾಗದಲ್ಲಿ ಬಂದಿದೆ ಅಂತ ತಮ್ಮನ ತಕರಾರು. ವರ್ಷಗಳಿಂದ ಮಾತಿಲ್ಲ, ಕಥೆಯಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣ ಬಂದರು. "ಏನ್ ತಗೀತಿಯಪಾ?"

"ಏನಿಲ್ಲ ಕಾಕಾ, ಗ್ವಾಡಿ."

"ಗ್ವಾಡಿ ಯಾಕ?"

"ಕ್ಯಾಮರಾಕ್ಕ ಆರಾಮಿಲ್ರಿ."

ಅವರು ನನ್ನನ್ನೇ ನೋಡಿದರು. "ಆರಾಮಿಲ್ಲದಿದ್ರ ದವಾಖಾನಿಗೆ ತೋರಿಸು. ನನ್ನ ಗ್ವಾಡಿ ಯಾಕ ತೋರಿಸ್ತಿ? ನನ್ನ ತಮ್ಮ ಹೇಳ್ಯಾನ ಹೌದಿಲ್ಲೋ?" ಅಂದವರೇ ಹೋಗಿ ಗೋಡೆಯ ಮುಂದೆ ಮಂಚ ಹಾಕಿಕೊಂಡು ಕೂತರು, ಗೋಡೆ ಕಾಣದ ಹಾಗೆ.

ಇದನ್ನು ನೋಡಿ ತಮ್ಮ ಬಂದ. ಅಣ್ಣ ತನ್ನ ಗೋಡೆಯ ಮುಂದೆ ಕೂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದಾನೆ, ನಾಳೆ ಕೋರ್ಟಿಗೆ ಅದನ್ನೇ ಕೊಡುತ್ತಾನೆ ಅಂತ ಅವನ ಲೆಕ್ಕ. ಅವನೂ ಮಂಚದ ಇನ್ನೊಂದು ತುದಿಯಲ್ಲಿ ಕೂತ. ಬಿಸಿಲು ಅಂದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲು. ಇಬ್ಬರೂ ಏಳಲೊಲ್ಲರು. ಇಬ್ಬರೂ ಬೆವರುತ್ತಾ ನನ್ನ ಕಿಟಕಿಯನ್ನೇ ನೋಡುತ್ತಿದ್ದಾರೆ. ಕಡೆಗೆ ಅಣ್ಣ ಕೇಳಿದರು, "ನೀನು ಕರಸಿಲ್ಲ?"

"ನಾನ್ಯಾಕ ಕರಸ್ಲಿ? ನೀ ಕರಸಿಲ್ಲ?"

"ಇಲ್ಲೋ ಮಾರಾಯ."

"ಹಂಗಾರ ಇವನ್ಯಾಕ ತಗೀತಾನ?"

ಅಷ್ಟು ವರ್ಷದ ಮೇಲೆ ಅಣ್ಣತಮ್ಮಂದಿರು ಮಾತಾಡಿದ್ದನ್ನು ಕೇಳಿ ಎರಡೂ ಮನೆಯ ಹೆಂಗಸರು ಹೊರಗೆ ಬಂದರು. ಒಬ್ಬರು ಮಜ್ಜಿಗೆ ತಂದರು, ಇಬ್ಬರೂ ಒಂದೇ ಚೊಂಬಿನಲ್ಲಿ ಕುಡಿದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕುಡಿದು, ಬಾಯಿ ಒರೆಸಿಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ಇಬ್ಬರೂ ಎದ್ದು ಬಂದರು, ನನ್ನನ್ನು ಹೊಡೆಯುವುದಕ್ಕೆ.

ನನ್ನ ಹೆಂಡತಿ ಅಡ್ಡ ಬಂದು ಬಿಡಿಸಿದಳು. ಆಮೇಲೆ ಒಳಗೆ ಹೋಗಿ ನನ್ನದೇ ಬಿಳಿ ಪಂಚೆ ತಂದು ನಮ್ಮ ಅಂಗಳದ ಹಗ್ಗಕ್ಕೆ ಬಿಗಿಯಾಗಿ ಹರವಿ ಕಟ್ಟಿ ಕೇಳಿದಳು: "ಇದಕ್ಕ ತೋರಿಸಿದ್ರ ಕ್ಯಾಮರಾ ಒಲ್ಲೆ ಅಂತೈತೇನ್ರಿ?"

ಬೆಳಕಿನ ಕಂಬ

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟ್ಯೂಬ್ ಕ್ಯಾಮರಾ ತೀರಿಕೊಂಡಿತು. ಈ ಸಲ ನಳಿಕೆಯ ಬದಲು ಎಲೆಕ್ಟ್ರಾನಿಕ್ ಚಿಪ್ ಇದ್ದ ಕ್ಯಾಮರಾ ಬಂತು, ಅದೂ ಯಾರೋ ಬಳಸಿ ಬಿಟ್ಟದ್ದೇ. ಇದರಲ್ಲಿ ಬಾಲ ಇಲ್ಲ, ಸುಟ್ಟ ಗುರುತಿಲ್ಲ. ಅಂತೂ ಬದುಕಿದೆ ಅಂದುಕೊಂಡೆ. ಆದರೆ ಹೊಳೆಯುವ ಚುಕ್ಕೆ ಎಲ್ಲೇ ಇರಲಿ, ಅದರ ಮೂಲಕ ಚಿತ್ರದ ಮೇಲಿನ ಅಂಚಿನಿಂದ ಕೆಳಗಿನ ಅಂಚಿನ ತನಕ ನೇರವಾಗಿ ಒಂದು ಬೆಳ್ಳಿ ಗೆರೆ ನಿಲ್ಲುತ್ತಿತ್ತು.

ಹಿರೇಹಡಗಲಿಯ ಒಬ್ಬ ಹಿರಿಯರಿಗೆ ಮಟ ಮಟ ಮಧ್ಯಾಹ್ನ ಬಯಲಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಹಿರಿಯರದು ಪೂರ್ತಿ ಬೋಳು ತಲೆ. ಪೌಡರ್ ಹಾಕುವ ಧೈರ್ಯ ನನಗೆ ಹಗರಿಬೊಮ್ಮನಹಳ್ಳಿಯಲ್ಲೇ ಮುಗಿದಿತ್ತು. ಸೂರ್ಯ ನೆತ್ತಿಯ ಮೇಲೆ ಬಿದ್ದ, ಕಂಬ ಎದ್ದಿತು. ಆಕಾಶದಿಂದ ಇಳಿದು, ತಲೆಯನ್ನು ಹೊಕ್ಕು, ಪಾದದ ತನಕ.

ಕ್ಯಾಸೆಟ್ಟು ಕೊಟ್ಟ ಮೇಲೆ ಕರೆ ಬಂತು. ಬೈಸಿಕೊಳ್ಳುವುದಕ್ಕೆ ತಯಾರಾಗಿ ಹೋದೆ. ಪಡಸಾಲೆ ತುಂಬ ಜನ, ಟೀವಿಗೆ ಯಾರೋ ಊದಿನಕಡ್ಡಿ ಹಚ್ಚಿದ್ದರು. ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ಇದು ಹೆಂಗ ಬಂತು?" ಅಂದರು.

"ತಪ್ಪಾತ್ರಿ. ಬಿಸಿಲು ನಿಮ್ಮ ತಲಿ ಮ್ಯಾಲೆ ಬಿದ್ದು ಹೊಳದು..."

"ಶ್! ಅಲ್ಲಿಗೆ ಬಿಡು. ಅದನ್ನ ಹೊರಗ ಬಾಯಿ ಬಿಡಬ್ಯಾಡ" ಅಂದು ನನಗೊಂದು ಶಾಲು ಹೊದಿಸಿ ಕಳಿಸಿದರು.

ಅಲ್ಲಿಂದ ಊರಲ್ಲಿ ಅವರ ಮಾತಿಗೆ ತೂಕ ಬಂತು. ನ್ಯಾಯ ಕೇಳುವುದಕ್ಕೆ ಅವರ ಹತ್ತಿರವೇ ಜನ ಹೋಗತೊಡಗಿದರು. ಇದರಿಂದ ನಿದ್ದೆಗೆಟ್ಟವರು ಅದೇ ಊರಿನ ಇನ್ನೊಬ್ಬ ಹಿರಿಯರು. ಆ ತನಕ ನ್ಯಾಯ ಪಂಚಾಯಿತಿ ಎಲ್ಲ ಇವರದೇ ಆಗಿತ್ತು. ಒಂದು ದಿನ ಸ್ಟುಡಿಯೊಕ್ಕೆ ಬಂದು ಬಾಗಿಲು ಹಾಕಿಕೊಂಡು ಕೂತರು. ತಲೆ ತುಂಬ ದಟ್ಟವಾದ ಗುಂಗುರು ಕೂದಲು, ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ.

"ನನಗೂ ಒಂದು ಕಂಬ ಬೇಕು" ಅಂದರು.

"ನಿಮಗ ಬರಂಗಿಲ್ರಿ. ಅದಕ್ಕ ತಲಿ ಹೊಳೀಬೇಕು. ಕೂದಲಿದ್ರ ಆಗಂಗಿಲ್ಲ."

ಅವರು ಎದ್ದು ಹೋದರು. ನಾನು ಮರೆತೂ ಬಿಟ್ಟೆ. ಕೆಲವು ತಿಂಗಳು ಕಳೆದ ಮೇಲೆ ಅವರ ಹೊಲದ ಬೋರ್‌ವೆಲ್ ಪೂಜೆಗೆ ವಿಡಿಯೊ ತೆಗೆಯಬೇಕು ಅಂತ ಹೇಳಿಕಳಿಸಿದರು.

ಅಷ್ಟರಲ್ಲಿ ನಾನು ಜೀವಮಾನದಲ್ಲಿ ಮೊದಲ ಸಲ ಹೊಚ್ಚ ಹೊಸ ಕ್ಯಾಮರಾ ಕೊಂಡಿದ್ದೆ. ಎಂಥ ಬಿಸಿಲಿಗೂ ಜಗ್ಗದ್ದು. ಮುಂದೆ ಒಂದು ಕಪ್ಪು ಗಾಜು ಬೇರೆ ಹಾಕಿದ್ದೆ. ಹೊಲದಲ್ಲಿ ಯಜಮಾನರನ್ನು ನೋಡಿ ಗುರುತೇ ಹತ್ತಲಿಲ್ಲ. ಒಂದು ಎಳೆ ಕೂದಲಿಲ್ಲ. ಹುಬ್ಬಿನ ತನಕ ಎಣ್ಣೆ ಇಳಿಯುತ್ತಿದೆ. ಮನೆದೇವರಿಗೆ ಹರಕೆ ಕೊಟ್ಟೆ ಅಂತ ಎಲ್ಲರಿಗೂ ಹೇಳುತ್ತಿದ್ದಾರೆ. ಅವರ ಹೆಂಡತಿ ಮುಖ ಊದಿಸಿಕೊಂಡು ಬೇರೆ ಕಡೆ ತಿರುಗಿ ನಿಂತಿದ್ದಾರೆ. ನಾನು ಪಾಪ, ಹರಕೆ ಅಂತಲೇ ನಂಬಿದೆ. ಅವರು ಪೂಜೆ ಮುಗಿಯುವ ತನಕ ನೆರಳಿಗೆ ಬರಲಿಲ್ಲ, ಟವೆಲ್ ಹಾಕಿಕೊಳ್ಳಲಿಲ್ಲ, ಬೇಕೆಂತಲೇ ಬಿಸಿಲಿಗೆ ತಲೆ ಕೊಟ್ಟು ನಿಂತಿದ್ದರು. ನೀರು ಬಂದದ್ದನ್ನೂ ತಿರುಗಿ ನೋಡಲಿಲ್ಲ.

ಪೂಜೆ ಮುಗಿದ ಮೇಲೆ ಊರಿನವರನ್ನೆಲ್ಲ ಮನೆಗೆ ಕರೆದು ಟೀವಿ ಹಾಕಿಸಿದರು. ಚಿತ್ರ ಓಡಿತು. ನಾನು ಅಷ್ಟು ವರ್ಷ ಒದ್ದಾಡಿದ್ದು ಅಂದು ಸಾರ್ಥಕ ಆಗಿತ್ತು. ಬಾಲ ಇಲ್ಲ, ಗುರುತಿಲ್ಲ, ಗೆರೆ ಇಲ್ಲ. ಸುಡುವ ಬಿಸಿಲಿನಲ್ಲೂ ತಲೆಯ ಮೇಲಿನ ಒಂದೊಂದು ಕ್ಷೌರದ ಗಾಯ ಕೂಡ ಎಷ್ಟು ಸ್ಪಷ್ಟ! ಯಾರಾದರೂ ಹೊಗಳಬಹುದು ಅಂತ ಕಾದೆ.

ಅವರು ಕಡೆಯ ತನಕ ನೋಡಿದರು. ಇನ್ನೊಂದು ಸಲ ಹಾಕಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಕಂಬ ಎಲ್ಲೈತಿ?" ಅಂದರು.

"ಈ ಕ್ಯಾಮರಾದಾಗ ಕಂಬ ಬರಂಗಿಲ್ರಿ. ಆ ದೋಷ ಹೋತು" ಅಂದೆ, ಹೆಮ್ಮೆಯಿಂದ.

ಅವರ ಕೈ ಮೆಲ್ಲಗೆ ಎದ್ದು ನೆತ್ತಿಯನ್ನು ಸವರಿತು. "ಹಂಗಾರ ನನ್ನ ಕೂದಲಾ?"

ನನಗೆ ಆಗ ತಿಳಿಯಿತು. ಹಿಂದಿನಿಂದ ಲೈಟಿನ ವೈರು ಸುತ್ತುತ್ತಿದ್ದ ನನ್ನ ಭಾವ ಸಮಾಧಾನದ ದನಿಯಲ್ಲಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದ: "ಕೂದಲಾ ಬರ್ತಾವ ಬಿಡ್ರಿ ಯಜಮಾನ್ರ. ಕಂಬ ಬರಂಗಿಲ್ಲ."